ಬೆಂಗಳೂರು–ಮೈಸೂರು ಮೀಟರ್ ಗೇಜ್ ಕಾಲದ ಸಿಗ್ನಲ್, ಟೋಕನ್, ಕಂಟ್ರೋಲ್: ಎಲ್ಲಿ ಹುಡುಕೋದು, ಹೇಗೆ ಓದೋದು?

ಹೆಜ್ಜಾಲ_ಲೂಪ್ ಕೇಳಿದ್ದು:

ಬೆಂಗಳೂರು ಸಿಟಿಯಿಂದ ಮೈಸೂರಿನವರೆಗಿನ ಮೀಟರ್ ಗೇಜ್ ಒಂಟಿ ಮಾರ್ಗದಲ್ಲಿ ಸಿಗ್ನಲ್‌ಗಳು ಹೇಗಿದ್ದವು ಅಂತ ಸ್ಟೇಷನ್‌ಗೊಂದು ಹಾಳೆಯ ಲೆಕ್ಕದಲ್ಲಿ ನಕ್ಷೆ ಬರೆಯುತ್ತಿದ್ದೇನೆ. ಅವಧಿ 1951ರಿಂದ, ಅಂದರೆ ಸದರ್ನ್ ರೈಲ್ವೆ ಆದ ಮೇಲಿಂದ, ಗೇಜ್ ಪರಿವರ್ತನೆಯವರೆಗೆ. ಮೊದಲ ಕಂತು ಕೆಂಗೇರಿಯಿಂದ ಮದ್ದೂರು.

ಕೈಯಲ್ಲಿರೋದು ಇಷ್ಟು: ಸರ್ವೆ ಆಫ್ ಇಂಡಿಯಾದ ಒಂದಿಂಚಿನ ಹಾಳೆಗಳು, ಪ್ರಯಾಣಿಕರ ವೇಳಾಪಟ್ಟಿ ಕೆಲವು, ಅಲ್ಲಿಲ್ಲಿ ಸಿಕ್ಕ ಕಪ್ಪು–ಬಿಳುಪು ಫೋಟೊಗಳು. ಟೋಪೊ ಹಾಳೆಯಲ್ಲಿ ಹಳಿ ಇದೆ, ಸ್ಟೇಷನ್ ಇದೆ, ಸಿಗ್ನಲ್ ಇಲ್ಲ. ಫೋಟೊಗಳು ಒಂದಕ್ಕೊಂದು ಹೊಂದುತ್ತಿಲ್ಲ. ಒಂದೇ ಸ್ಟೇಷನ್ನಿನದು ಅನ್ನುವ ಎರಡು ಚಿತ್ರಗಳಲ್ಲಿ ಒಂದರಲ್ಲಿ ಔಟರ್ (ಸ್ಟೇಷನ್ನಿಗೆ ಬರುವಾಗ ಎಲ್ಲಕ್ಕಿಂತ ಹೊರಗೆ ಸಿಗುವ ಸಿಗ್ನಲ್) ಕಂಬದ ಮೇಲೆ ಕೆಳಗಡೆ ಮೀನಿನ ಬಾಲದಂಥ ಇನ್ನೊಂದು ಕೈ (ಸಿಗ್ನಲ್‌ನ ಅಡ್ಡಪಟ್ಟಿ) ಇದೆ, ಇನ್ನೊಂದರಲ್ಲಿ ಬರೀ ಒಂದೇ ಕೈ. ಇನ್ನೊಂದು ಚಿತ್ರದಲ್ಲಿ ಸ್ಟೇಷನ್ನಿನಿಂದ ಬಹಳ ದೂರ ಒಂಟಿ ಕಂಬ ನಿಂತಿದೆ.

ಕೇಳಬೇಕಾದ್ದು: ಯಾವ ದಾಖಲೆಯಿಂದ ಶುರು ಮಾಡಬೇಕು? ಟೋಕನ್ (ಒಂಟಿ ಹಳಿಯಲ್ಲಿ ಮುಂದಿನ ಸ್ಟೇಷನ್‌ವರೆಗೆ ಹೋಗಲು ಡ್ರೈವರ್ ಕೈಗೆ ಕೊಡುವ ಗುರುತು) ಯಂತ್ರ ಯಾವ ಬಗೆಯದು ಅಂತ ಗುರುತಿಸೋದು ಹೇಗೆ? ಕಂಟ್ರೋಲ್ ಚಾರ್ಟ್ (ಕಂಟ್ರೋಲ್ ಕಚೇರಿಯಲ್ಲಿ ಗಾಡಿಗಳ ಓಡಾಟ ಬರೆದಿಡುವ ಹಾಳೆ) ಸಿಕ್ಕರೆ ಅದರಿಂದ ಏನು ತಿಳಿಯುತ್ತೆ?

ಲಿವರ್_ಫ್ರೇಮ್:

ಮೊದಲು ಒಂದು ವರ್ಷ ಹಿಡಿದುಕೊಳ್ಳಿ. "1951ರಿಂದ ಪರಿವರ್ತನೆವರೆಗೆ" ಅಂತ ಇಟ್ಟುಕೊಂಡರೆ ನಾಲ್ಕು ದಶಕದ ಬದಲಾವಣೆ ಒಂದೇ ಹಾಳೆಯ ಮೇಲೆ ಕೂತು, ಯಾವ ದಿನವೂ ಇರದಿದ್ದ ಸ್ಟೇಷನ್ ತಯಾರಾಗುತ್ತೆ. ಫೋಟೊಗಳು ಜಗಳ ಆಡೋದೂ ಅದಕ್ಕೇ. 1965 ಅಂತಿಟ್ಟುಕೊಳ್ಳಿ, ಅದನ್ನು ಮುಗಿಸಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಿ.

ಎರಡನೆಯದು, ದಾಖಲೆ ಹುಡುಕೋ ಮುಂಚೆ ನಿಯಮ ಓದಿ. ನಿಮ್ಮ ಅವಧಿಯ ಬಹುಪಾಲಿಗೆ ಅನ್ವಯವಾಗೋದು 1929ರ ಜನರಲ್ ರೂಲ್ಸ್, ಕೊನೆಗೆ 1976ರದ್ದು. ಸ್ಟೇಷನ್ ಯಾವ ದರ್ಜೆ ಅಂತ ಗೊತ್ತಾದರೆ ಕನಿಷ್ಠ ಯಾವ ಸಿಗ್ನಲ್ ಇರಲೇಬೇಕು ಅನ್ನೋದು ತಾನೇ ಗೊತ್ತಾಗುತ್ತೆ. ಎರಡು ಆಸ್ಪೆಕ್ಟ್‌ನ ಲೋಯರ್ ಕ್ವಾಡ್ರಂಟ್ ಪದ್ಧತಿಯಲ್ಲಿ (ಕೈ ಅಡ್ಡ ಇದ್ದರೆ 'ಆನ್', ಕೆಳಕ್ಕೆ ಇಳಿದರೆ 'ಆಫ್') 'ಬಿ' ದರ್ಜೆಗೆ ಔಟರ್ ಮತ್ತು ಹೋಮ್ (ಸ್ಟೇಷನ್ ಬಾಗಿಲಿನ ಸಿಗ್ನಲ್). 'ಎ' ದರ್ಜೆಗೆ ವಾರ್ನರ್ (ಮುಂದಿನ ಸಿಗ್ನಲ್ ಬಗ್ಗೆ ಮುನ್ಸೂಚನೆ ಕೊಡೋದು), ಹೋಮ್, ಸ್ಟಾರ್ಟರ್ (ಹೊರಡುವ ಗಾಡಿಗೆ). 'ಸಿ' ಅಂದರೆ ಗಾಡಿ ನಿಲ್ಲದ ಬ್ಲಾಕ್ ಹಟ್, ಅಲ್ಲಿ ವಾರ್ನರ್ ಮತ್ತು ಹೋಮ್. 'ಡಿ' ಬ್ಲಾಕ್ ಸ್ಟೇಷನ್ನೇ (ಪಕ್ಕದ ಸ್ಟೇಷನ್ ಒಪ್ಪಿಗೆ ಪಡೆದು ಗಾಡಿ ಬಿಡುವ ಜಾಗ) ಅಲ್ಲ, ಹಾಲ್ಟ್. ಅಲ್ಲಿ ಸಿಗ್ನಲ್ ಹುಡುಕಿ ಪ್ರಯೋಜನ ಇಲ್ಲ. ಒಂಟಿ ಮಾರ್ಗದಲ್ಲಿ ಕ್ರಾಸಿಂಗ್ ಸ್ಟೇಷನ್ (ಎದುರುಬದುರು ಗಾಡಿಗಳು ದಾಟಿಕೊಳ್ಳುವ ಜಾಗ) ಅಂದರೆ ಸಾಮಾನ್ಯವಾಗಿ 'ಬಿ'. 'ಎ' ದರ್ಜೆಯಲ್ಲಿ ಹಿಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್ (ಗಾಡಿ ಕಳಿಸಬಹುದು ಅನ್ನುವ ಒಪ್ಪಿಗೆ) ಕೊಡಬೇಕಾದರೆ ಗಾಡಿ ಬರುವ ಹಳಿ ಸ್ಟಾರ್ಟರ್‌ವರೆಗೂ ಖಾಲಿ ಇರಬೇಕು. 'ಬಿ'ಯಲ್ಲಿ ಅಷ್ಟು ಬೇಡ, ಔಟರ್‌ನಿಂದ ಒಳಕ್ಕೆ 400 ಮೀಟರ್ ಸಾಕು. ಆ ಸೌಲಭ್ಯಕ್ಕಾಗಿಯೇ ಔಟರ್ ಇರೋದು.

ಆ 400 ಮೀಟರ್ ನಿಮಗೆ ಬಹಳ ಕೆಲಸಕ್ಕೆ ಬರುತ್ತೆ. ಮೂಲದಲ್ಲಿ ಅದು ಕಾಲು ಮೈಲಿ, 440 ಗಜ, ಅಂದರೆ 402 ಮೀಟರ್. ನಿಯಮದಲ್ಲಿ ಇನ್ನೊಂದು ಕಡೆ ಸಿಗುವ 180 ಮೀಟರ್ ಹಳೆಯ 200 ಗಜ. ಒಂಟಿ ಮಾರ್ಗದಲ್ಲಿ ಈ ದೂರವನ್ನು ಔಟರ್‌ನಿಂದ ಹೋಮ್‌ವರೆಗೆ, ಹೋಮ್ ಇಲ್ಲದಿದ್ದರೆ ಹೊರತುದಿಯ ಫೇಸಿಂಗ್ ಪಾಯಿಂಟ್‌ವರೆಗೆ (ಬರುವ ಗಾಡಿಗೆ ಹಳಿ ಕವಲಾಗುವ ಜಾಗ) ಲೆಕ್ಕ ಹಾಕುತ್ತಾರೆ (ಶಂಟಿಂಗ್ ಲಿಮಿಟ್ ಬೋರ್ಡ್ ಅಥವಾ ಅಡ್ವಾನ್ಸ್ಡ್ ಸ್ಟಾರ್ಟರ್ ಇದ್ದರೆ ಅಲ್ಲಿಯವರೆಗೆ). ಲೂಪ್ (ಗಾಡಿ ಪಕ್ಕಕ್ಕೆ ನಿಲ್ಲುವ ಹಳಿ) ಎಲ್ಲಿ ಶುರುವಾಗುತ್ತಿತ್ತು ಅಂತ ಹಳೆಯ ನಕ್ಷೆಯಿಂದಲೋ ಫೋಟೊದಿಂದಲೋ ಗೊತ್ತಾದರೆ, ಅಲ್ಲಿಂದ ಹೊರಕ್ಕೆ 400 ಮೀಟರ್ ಅಥವಾ ತುಸು ಹೆಚ್ಚು ದೂರದಲ್ಲಿ ಔಟರ್. ತಿರುವು, ಕಟಿಂಗ್, ಸೇತುವೆ ಇದ್ದರೆ ಡ್ರೈವರ್ ಕಣ್ಣಿಗೆ ಬೀಳಲಿ ಅಂತ ಇನ್ನೂ ಹೊರಗೆ. ಒಳಗೆ ಮಾತ್ರ ಇರೋಕೆ ಸಾಧ್ಯವಿಲ್ಲ.

ನಿಮ್ಮ ಫೋಟೊಗಳ ವಿಷಯ. ಮೀನಿನ ಬಾಲದ ಕೈ ವಾರ್ನರ್. ಔಟರ್ ಮಾತ್ರ ಆಫ್ ಆಗಿ ವಾರ್ನರ್ ಆನ್‌ನಲ್ಲೇ ಇದ್ದರೆ "ಒಳಗೆ ಬಾ, ಮುಂದಿನ ಸಿಗ್ನಲ್‌ನಲ್ಲಿ ನಿಲ್ಲೋಕೆ ಸಿದ್ಧವಾಗಿರು"; ಎರಡೂ ಆಫ್ ಆದರೆ ಮೇನ್ ಲೈನ್‌ನಲ್ಲಿ ನಿಲ್ಲದೆ ಹಾದುಹೋಗಬಹುದು. ವಾರ್ನರ್ ಇಲ್ಲದ ಚಿತ್ರ ಹಳೆಯದಿರಬಹುದು, ಇಲ್ಲವೇ ಎರಡು ಚಿತ್ರ ಸ್ಟೇಷನ್ನಿನ ಎರಡು ತುದಿಯವು ಆಗಿರಬಹುದು. ನೆರಳು ಬಿದ್ದ ದಿಕ್ಕು ನೋಡಿ ತುದಿ ಗೊತ್ತುಮಾಡಿ. ದೂರದ ಒಂಟಿ ಕಂಬದ ಮೇಲೆ ಹಳದಿ ತಟ್ಟೆಯಲ್ಲಿ ಕಪ್ಪು 'ಜಿ' ಅಕ್ಷರ ಇದೆಯಾ ನೋಡಿ. ಇದ್ದರೆ ಅದು ಲೆವೆಲ್ ಕ್ರಾಸಿಂಗ್ ಗೇಟಿನ ಸಿಗ್ನಲ್, ಸ್ಟೇಷನ್ನಿಗೆ ಸಂಬಂಧವಿಲ್ಲ. ಇದನ್ನು ಔಟರ್ ಅಂತ ಬರೆದಿಟ್ಟ ನಕ್ಷೆಗಳು ಬೇಕಾದಷ್ಟು ಓಡಾಡುತ್ತಿವೆ.

ಇನ್ನು ದಾಖಲೆ. ಶುರು ಮಾಡಬೇಕಾದ್ದು ವರ್ಕಿಂಗ್ ಟೈಮ್ ಟೇಬಲ್‌ನಿಂದ. ಪ್ರಯಾಣಿಕರ ವೇಳಾಪಟ್ಟಿ ಅಲ್ಲ, ಸಿಬ್ಬಂದಿಗೆ ಕೊಡುತ್ತಿದ್ದದ್ದು. ಅದರಲ್ಲಿ ಸ್ಟೇಷನ್‌ಗಳ ನಡುವಿನ ದೂರ, ದರ್ಜೆ, ಇಂಟರ್‌ಲಾಕಿಂಗ್ (ಪಾಯಿಂಟ್ ಸರಿಯಾಗಿ ಕೂರದೆ ಸಿಗ್ನಲ್ ಇಳಿಯದಂತೆ ಬಂಧಿಸುವ ಏರ್ಪಾಡು) ಸ್ಟ್ಯಾಂಡರ್ಡ್, ಕೆಲಸದ ಪದ್ಧತಿ, ಕಾಯಂ ವೇಗಮಿತಿಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ಹತ್ತು ವರ್ಷದ ಅಂತರದ ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಎಲ್ಲಿ ಏನು ಬದಲಾಯಿತು ಅನ್ನೋದು ಅರ್ಧ ಗಂಟೆಯ ಕೆಲಸ. ಅವೆನ್ಯೂ ರೋಡ್ ಹಳೆ ಪುಸ್ತಕದಂಗಡಿ, ಸಂಡೇ ಬಜಾರ್‌ಗಳಲ್ಲಿ ಕಣ್ಣಿಡಿ. ಹೊರಗಿನ ರಟ್ಟು ಕಿತ್ತುಹೋಗಿದ್ದರೂ ಬಿಡಬೇಡಿ, ಆದರೆ ತಿದ್ದುಪಡಿ ಚೀಟಿ ಅಂಟಿಸಿದ ಪುಟಗಳು ಇವೆಯೇ ನೋಡಿ. ಮುದ್ರಿತ ಪುಟಕ್ಕಿಂತ ಆ ಚೀಟಿಗೆ ಬೆಲೆ ಜಾಸ್ತಿ, ಏಕೆಂದರೆ ಅದರ ಮೇಲೆ ತಾರೀಖು ಇರುತ್ತೆ.

ಅದರ ಮೇಲಿನ ಹಂತ ಸ್ಟೇಷನ್ ವರ್ಕಿಂಗ್ ರೂಲ್ಸ್ (ಈಗಿನ ಮಾದರಿಯಲ್ಲಿ ಸಿಗ್ನಲಿಂಗ್ ವಿವರ ಅನುಬಂಧ 'ಬಿ'ಯಲ್ಲಿ) ಮತ್ತು ಸಿಗ್ನಲ್ ಇಂಟರ್‌ಲಾಕಿಂಗ್ ಪ್ಲಾನ್. ಪ್ಲಾನಿನಲ್ಲಿ ಪ್ರತಿ ಸಿಗ್ನಲ್‌ಗೂ ಸ್ಟೇಷನ್ ಕಟ್ಟಡದ ನಡುಗೆರೆಯಿಂದ ದೂರ ಬರೆದಿರುತ್ತೆ. ಪ್ಲಾಟ್‌ಫಾರ್ಮ್ ತುದಿಯಿಂದ ಅಳೆದರೆ ಎಲ್ಲವೂ ಅರ್ಧ ಪ್ಲಾಟ್‌ಫಾರ್ಮಿನಷ್ಟು ಸರಿದುಹೋಗುತ್ತೆ. ಹಳೆಯ ಕಡತದಲ್ಲಿ '12/5' ಅಂತ ಕಂಡರೆ ಅದು 12ನೇ ಮೈಲಿಗಲ್ಲಿನ ಆಚೆಯ ಐದನೇ ತಂತಿಕಂಬ. ಆ ಮೈಲಿಯಲ್ಲಿ 24 ಕಂಬ ಇದ್ದರೆ ಕಂಬದಿಂದ ಕಂಬಕ್ಕೆ 220 ಅಡಿ. ಕಂಬದ ಎಣಿಕೆ ಪ್ರತಿ ಮೈಲಿಗೂ ಒಂದೇ ಇರೋದಿಲ್ಲ, ಹಾಗಾಗಿ ಕುರುಡಾಗಿ ಗುಣಿಸಬೇಡಿ. ಮೈಲಿ ಬಿಟ್ಟು ಕಿಲೋಮೀಟರ್‌ಗೆ ಬದಲಾದ ನಂತರದ ಕಡತ ಯಾವುದು ಅನ್ನೋದನ್ನು ಮೊದಲ ಪುಟದಲ್ಲೇ ಗುರುತು ಹಾಕಿಕೊಳ್ಳಿ.

ಹುಡುಕುವಾಗ ಹಳೆಯ ಹೆಸರು ಕೊಡೋದು ಮರೆಯಬೇಡಿ. ರಾಮನಗರ ಕಡತದಲ್ಲಿ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಶ್ರೀರಂಗಪಟ್ಟಣ ಸೆರಿಂಗಪಟಂ. ಪಕ್ಕದ ಮಾರ್ಗಕ್ಕೆ ಹೋದರೆ ಬಂಗಾರಪೇಟೆ ಬೌರಿಂಗ್‌ಪೇಟೆ.

ಚೆಂಡು_ಟೋಕನ್:

ಯಂತ್ರ ಗುರುತಿಸುವ ಪ್ರಶ್ನೆಗೆ. ಟೋಕನ್ನೇ ಸಾಕ್ಷಿ. ತಟ್ಟೆ ಆಕಾರ ಇದ್ದರೆ ಟ್ಯಾಬ್ಲೆಟ್, ಟೈಯರ್ ಕಂಪನಿ ಬಗೆ. ಇಂಗ್ಲೆಂಡಿನ ಥಾರ್ಪ್‌ನಲ್ಲಿ 1874ರಲ್ಲಿ ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾದ ಮೇಲೆ ಬಂದ ಯಂತ್ರ ಅದು. ಉಕ್ಕಿನ ಚೆಂಡು ಇದ್ದರೆ ನೀಲ್ಸ್ ಬಾಲ್ ಟೋಕನ್, ನಮ್ಮ ದೇಶದ ಒಂಟಿ ಮಾರ್ಗಗಳಲ್ಲಿ ತೀರಾ ಸಾಮಾನ್ಯ. ಚೆಂಡಿನ ಮೇಲೆ ಎರಡೂ ಸ್ಟೇಷನ್‌ಗಳ ಸಂಕೇತಾಕ್ಷರ ಮತ್ತು ಕ್ರಮಸಂಖ್ಯೆ ಕೊರೆದಿರುತ್ತೆ. ಅಕ್ಕಪಕ್ಕದ ಎರಡು ಸೆಕ್ಷನ್‌ಗಳ (ಸೆಕ್ಷನ್ ಅಂದರೆ ಎರಡು ಸ್ಟೇಷನ್ ನಡುವಿನ ಹಳಿ) ಚೆಂಡಿಗೆ ಬೇರೆ ಬೇರೆ ಕೊರೆತ ಕೊಡುತ್ತಾರೆ, ಒಂದರದ್ದು ಇನ್ನೊಂದರ ಯಂತ್ರಕ್ಕೆ ಇಳಿಯಬಾರದು ಅಂತ. ಎರಡು ನೆರೆ ಸೆಕ್ಷನ್ನಿನ ಚೆಂಡು ಒಂದೇ ಥರ ಕಂಡರೆ ಅದು ನಕಲಿ ಅಥವಾ ನೀವು ಓದಿದ ಅಕ್ಷರ ತಪ್ಪು.

ಕೆಲಸ ನಡೆಯೋದು ಹೀಗೆ. ಯಂತ್ರದ ಹಿಡಿಗೆ ಮೂರು ಸ್ಥಾನ: ಲೈನ್ ಕ್ಲೋಸ್ಡ್, ಟ್ರೈನ್ ಕಮಿಂಗ್ ಫ್ರಮ್, ಟ್ರೈನ್ ಗೋಯಿಂಗ್ ಟು. ಎರಡೂ ಕಡೆ ಲೈನ್ ಕ್ಲೋಸ್ಡ್ ಇದ್ದಾಗ ಗಾಡಿ ಕಳಿಸುವ ಮಾಸ್ಟರ್ ಒಂದು ಬಡಿತ ಕೊಟ್ಟು ಗಮನ ಸೆಳೆಯುತ್ತಾರೆ, ಎರಡು ಬಡಿತದಲ್ಲಿ ಲೈನ್ ಕ್ಲಿಯರ್ ಕೇಳುತ್ತಾರೆ. ಆ ಕಡೆಯವರು ಒಪ್ಪಿ ತಮ್ಮ ಹಿಡಿಯನ್ನು ಕಮಿಂಗ್ ಫ್ರಮ್‌ಗೆ ತಿರುಗಿಸಿ ಕರೆಂಟ್ ಕಳಿಸಿದಾಗ ಮಾತ್ರ ಈ ಕಡೆಯ ಹಿಡಿ ಗೋಯಿಂಗ್ ಟು ಕಡೆ ತಿರುಗಿ ಒಂದು ಚೆಂಡು ಉದುರುತ್ತೆ. ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ. ಗಾಡಿ ಸೆಕ್ಷನ್ ಹೊಕ್ಕಾಗ ಮೂರು ಬಡಿತ. ಆ ಕಡೆ ತಲುಪಿ, ಚೆಂಡು ಯಂತ್ರದೊಳಗೆ ಬಿದ್ದು, ಹಿಡಿ ಲೈನ್ ಕ್ಲೋಸ್ಡ್‌ಗೆ ಬಂದಮೇಲೆ ನಾಲ್ಕು ಬಡಿತ. ಐದು ಬಡಿತ ಹಿಂದಿನದು ರದ್ದು, ಆರು ಅಪಾಯ, ಹದಿನಾರು ಪರೀಕ್ಷೆ. ಟ್ರೈನ್ ಸಿಗ್ನಲ್ ರಿಜಿಸ್ಟರ್ ಪುಟ ಸಿಕ್ಕರೆ ಅದರ ಕಾಲಂಗಳು ಇದೇ ಕ್ರಮದ ಗಡಿಯಾರದ ಹೊತ್ತುಗಳು. ಪಕ್ಕದಲ್ಲಿರುವ ಎರಡಂಕಿ ಸಂಖ್ಯೆ ಪ್ರೈವೇಟ್ ನಂಬರ್ (ಒಪ್ಪಿಗೆ ಖಚಿತಪಡಿಸಲು ಮಾಸ್ಟರ್‌ಗಳು ಹೇಳಿಕೊಳ್ಳುವ ಗುಟ್ಟಿನ ಸಂಖ್ಯೆ), ಗಾಡಿ ಸಂಖ್ಯೆ ಅಂದುಕೊಳ್ಳಬೇಡಿ.

ಏನು ಕೆಡುತ್ತಿತ್ತು ಅನ್ನೋದನ್ನೂ ನಿಮ್ಮ ಹಾಳೆಯಲ್ಲಿ ಬರೆಯಿರಿ, ಕಡತಗಳಲ್ಲಿ ಹೆಚ್ಚು ಕಾಣೋದು ಅದೇ. ಒಂದು ದಿಕ್ಕಿಗೆ ಗಾಡಿ ಜಾಸ್ತಿ ಓಡಿದರೆ ಚೆಂಡುಗಳೆಲ್ಲ ಒಂದೇ ತುದಿಗೆ ಸೇರಿ ಇನ್ನೊಂದು ತುದಿಯ ಯಂತ್ರ ಬರಿದಾಗುತ್ತೆ. ಆಗ ಸಿಗ್ನಲ್ ಸಿಬ್ಬಂದಿ ಬಂದು, ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಚೆಂಡುಗಳನ್ನು ಹಿಂದಕ್ಕೆ ಸಾಗಿಸಬೇಕು. ಡ್ರೈವರ್ ಚೆಂಡು ಕೊಡದೆ ಮುಂದಿನ ಸ್ಟೇಷನ್ನಿಗೆ ಒಯ್ದುಬಿಟ್ಟರೆ ಆ ಸೆಕ್ಷನ್ ಬೀಗ ಬಿದ್ದ ಹಾಗೆ. ಮಳೆಗಾಲದಲ್ಲಿ ತಂತಿ ಹರಿಯೋದು, ಸಿಡಿಲಿಗೆ ಸುಳ್ಳು ಬಡಿತ ಬರೋದು ಬೇರೆ. ಯಂತ್ರ ಕೈಕೊಟ್ಟಾಗ ಪೇಪರ್ ಲೈನ್ ಕ್ಲಿಯರ್ ಟಿಕೆಟ್: ಟಿ/ಸಿ 1425 ಅಪ್ ಗಾಡಿಗೆ, ಟಿ/ಡಿ 1425 ಡೌನ್‌ಗೆ. ಕಾಷನ್ ಆರ್ಡರ್ (ಎಚ್ಚರಿಕೆಯಿಂದ ಓಡಿಸು ಅಂತ ಡ್ರೈವರ್‌ಗೆ ಕೊಡುವ ಚೀಟಿ) ಟಿ/409. ರದ್ದಿಯಲ್ಲಿ ಇವು ಸಿಗುತ್ತವೆ. ತುಂಬಿಸಿದ ಟಿಕೆಟ್ಟಿನಲ್ಲಿ ತಾರೀಖು, ಗಾಡಿ ಸಂಖ್ಯೆ, ಎರಡೂ ಸ್ಟೇಷನ್ ಹೆಸರು ಇರೋದರಿಂದ ಅವತ್ತು ಆ ಎರಡು ಸ್ಟೇಷನ್ ಬ್ಲಾಕ್ ಸ್ಟೇಷನ್ ಆಗಿದ್ದವು ಅನ್ನೋದಕ್ಕೆ ಗಟ್ಟಿ ಪುರಾವೆ.

ಟೋಕನ್‌ಲೆಸ್ ಯಂತ್ರದಲ್ಲಿ ಚೆಂಡು ಇರೋದಿಲ್ಲ. ಅಲ್ಲಿ ಕೊನೆಯ ಸ್ಟಾಪ್ ಸಿಗ್ನಲ್ ಆಫ್ ಆಗೋದೇ ಹೊರಡಲು ಅಧಿಕಾರ. ಫೋಟೊದಲ್ಲಿ ಬೆತ್ತದ ಬಳೆ ಹಿಡಿದ ಪಾಯಿಂಟ್ಸ್‌ಮನ್ ಕಂಡರೆ ಟೋಕನ್ ಕಾಲ ಅಂತ ನಿಶ್ಚಿಂತೆಯಿಂದ ಬರೆಯಬಹುದು.

ಹೆಜ್ಜಾಲ_ಲೂಪ್:

ಬಹಳ ಉಪಕಾರ. ಆ ಒಂಟಿ ಕಂಬದಲ್ಲಿ ತಟ್ಟೆ ಇದೆ, ಅಕ್ಷರ ಮಸುಕು. ಗೇಟ್ ಸಿಗ್ನಲ್ ಅಂತಲೇ ಸದ್ಯ ಗುರುತು ಹಾಕುತ್ತೇನೆ. ಇನ್ನೆರಡು: ನಕ್ಷೆಯಲ್ಲಿ ಬಣ್ಣ ಹಾಕುವಾಗ ರಾತ್ರಿ ದೀಪಕ್ಕೆ ಹಸಿರು ಗಾಜು ತೋರಿಸಬೇಕೆ? ಚಿಕ್ಕ ಸ್ಟೇಷನ್‌ಗಳಲ್ಲಿ ಕ್ಯಾಬಿನ್ನೇ (ಸಿಗ್ನಲ್, ಪಾಯಿಂಟ್‌ಗಳ ಲಿವರ್ ಇರುವ ಕೋಣೆ) ಕಾಣೋದಿಲ್ಲ, ಪಾಯಿಂಟ್‌ಗೆ ಬೀಗ ಹಾಕುತ್ತಿದ್ದದ್ದು ಹೇಗೆ?

ಲಿವರ್_ಫ್ರೇಮ್:

ಹಸಿರು ಗಾಜು ಬೇಡ, ನೀಲಿ ಹಾಕಿ. ಸೀಮೆಎಣ್ಣೆ ದೀಪದ ಜ್ವಾಲೆ ಹಳದಿ, ಅದರ ಮುಂದೆ ನೀಲಿ ಗಾಜು ಬಂದಾಗ ಡ್ರೈವರ್‌ಗೆ ಕಾಣೋದು ಹಸಿರು. ಕೈಯ ಮುಂಭಾಗ ಕೆಂಪು, ತುದಿಯ ಹತ್ತಿರ ಬಿಳಿ ಪಟ್ಟಿ. ಹಿಂಭಾಗ ಬಿಳಿ, ಕಪ್ಪು ಪಟ್ಟಿ. ವಾರ್ನರ್‌ನ ಪಟ್ಟಿ ತುದಿಯ ಸೀಳಿಗೆ ಹೊಂದಿ 'ವಿ' ಆಕಾರ. ವಾರ್ನರ್ ಒಂಟಿ ಕಂಬದ ಮೇಲಿದ್ದರೆ ರಾತ್ರಿ ಅದರ ಮೇಲೆ ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ ಕಾಯಂ ಹಸಿರು ದೀಪ ಇರುತ್ತೆ. ಹೆಚ್ಚಿನವರು ಬಿಡೋದು ಇದನ್ನೇ.

ಕ್ಯಾಬಿನ್ ಇಲ್ಲದ ಕಡೆ ಕೀಲಿಯೇ ಇಂಟರ್‌ಲಾಕಿಂಗ್. ಪಾಯಿಂಟ್ ಸರಿಯಾದ ಕಡೆ ಕೂತು ಬೀಗ ಬಿದ್ದರೆ ಮಾತ್ರ ಕೀಲಿ ಹೊರಗೆ ಬರುತ್ತೆ; ಆ ಕೀಲಿ ಸಿಗ್ನಲ್ ಲಿವರ್‌ಗೆ ಹೋದರೆ ಮಾತ್ರ ಲಿವರ್ ಬಿಡುಗಡೆ. ಲಿಸ್ಟ್ ಅಂಡ್ ಮೋರ್ಸ್ ಪದ್ಧತಿಯ ತಿರುಳೂ ಇದೇ. ಪಾಯಿಂಟಿನಿಂದ ಸ್ಟೇಷನ್ನಿಗೆ ಓಡಾಡೋ ಹೊತ್ತು ಉಳಿಸೋಕೆ ಹೆಪ್ಪರ್ಸ್ ಕೀ ಟ್ರಾನ್ಸ್‌ಮಿಟರ್ ಇತ್ತು: ಒಂದು ತುದಿಯಲ್ಲಿ ಕೀಲಿ ಒಳಗೆ ಹಾಕಿದರೆ ಇನ್ನೊಂದು ತುದಿಯ ಜೊತೆ ಕೀಲಿ ಕರೆಂಟಿನಿಂದ ಬಿಡುಗಡೆಯಾಗುತ್ತೆ. ಲಾಕಿಂಗ್ ಟೇಬಲ್ ಸಿಕ್ಕರೆ ಪ್ರತಿ ಲಿವರ್ ಮುಂದೆ 'ಯಾವುದರಿಂದ ಬಿಡುಗಡೆ', 'ಯಾವುದನ್ನು ಬಂಧಿಸುತ್ತೆ' ಅನ್ನುವ ಕಾಲಂ ಓದಿ. ಕ್ಯಾಬಿನ್ ಇತ್ತೋ ಬರೀ ಕೀಲಿಯೋ ಅನ್ನೋದು ಅಲ್ಲೇ ಬಯಲಾಗುತ್ತೆ.

ಫೋಟೊದಲ್ಲಿ ಕೈ ಅರ್ಧಂಬರ್ಧ ಇಳಿದಿದ್ದರೆ ಅದನ್ನು ಮೂರನೇ ಸ್ಥಾನ ಅಂತ ಬರೆಯಬೇಡಿ. ಒಂಟಿ ತಂತಿಯ ಸಿಗ್ನಲ್‌ನಲ್ಲಿ ಬಿಸಿಲಿಗೆ ತಂತಿ ಹಿಗ್ಗಿದಾಗ ಲಿವರ್ ಪೂರ್ತಿ ಎಳೆದರೂ ಕೈ ಪೂರ್ತಿ ಇಳಿಯೋದಿಲ್ಲ, ತಂತಿಯ ಅಡ್ಜಸ್ಟರ್ ಬಿಗಿಮಾಡಬೇಕು. ತಂತಿ ಹರಿದರೆ ಎದುರುತೂಕ ಕೈಯನ್ನು ಆನ್‌ಗೇ ಎಳೆಯುತ್ತೆ.

ಸೆಕ್ಷನ್_ಗ್ರಾಫ್:

ಕಂಟ್ರೋಲ್ ಚಾರ್ಟ್ ಬಗ್ಗೆ. ಅಡ್ಡಕ್ಕೆ ಗಂಟೆ–ನಿಮಿಷ, ಉದ್ದಕ್ಕೆ ಸ್ಟೇಷನ್‌ಗಳು. ಪ್ರತಿ ಸ್ಟೇಷನ್ ಫೋನಿನಲ್ಲಿ ಹೇಳಿದ ಬಂದ–ಹೊರಟ ಹೊತ್ತನ್ನು ಕಂಟ್ರೋಲರ್ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಗೆರೆ ಕಡಿದಾದಷ್ಟೂ ವೇಗ ಹೆಚ್ಚು. ಅಡ್ಡ ಮಲಗಿದ್ದರೆ ಗಾಡಿ ನಿಂತಿದೆ. ಎರಡು ಗೆರೆ ಕತ್ತರಿಸೋದು ಸ್ಟೇಷನ್ ಗೆರೆಯ ಮೇಲೇ ಆಗಬೇಕು. ಎರಡು ಸ್ಟೇಷನ್ನಿನ ನಡುವೆ ಕತ್ತರಿಸಿದಂತೆ ಕಂಡರೆ ನೀವು ಪಟ್ಟಿಮಾಡದ ಒಂದು ಕ್ರಾಸಿಂಗ್ ಸ್ಟೇಷನ್ ಅಲ್ಲಿ ಇತ್ತು, ಇಲ್ಲವೇ ನಕಲು ಮಾಡಿದವರು ಎಡವಿದ್ದಾರೆ. ದರ್ಜೆ ಪತ್ತೆಗೆ ಇದು ಚೆನ್ನಾಗಿ ಒದಗುತ್ತೆ: ವರ್ಷವಿಡೀ ಒಂದೂ ಕ್ರಾಸಿಂಗ್ ಬೀಳದ ಸ್ಟೇಷನ್ ಹಾಲ್ಟ್ ಇರಬಹುದು ಅಂತ ಅನುಮಾನಿಸಿ.

ಒಂದು ವಿಷಯದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಎಲ್ಲಿ ಕ್ರಾಸಿಂಗ್, ಯಾರು ಮೊದಲು ಅಂತ ನಿರ್ಧರಿಸೋದು ಕಂಟ್ರೋಲ್; ಆದರೆ ಕಂಟ್ರೋಲ್ ಹೇಳಿತು ಅಂತ ಗಾಡಿ ಬಿಡೋ ಹಾಗಿಲ್ಲ. ಸೆಕ್ಷನ್ ಹೊಗಲು ಅಧಿಕಾರ ಬರೋದು ಎರಡು ಸ್ಟೇಷನ್ ಮಾಸ್ಟರ್‌ಗಳ ನಡುವಿನ ಬ್ಲಾಕ್ ಯಂತ್ರದಿಂದ ಮಾತ್ರ. ಅಪಘಾತ ವಿಚಾರಣಾ ವರದಿ ಓದುವಾಗ ಈ ಎರಡನ್ನೂ ಬೇರೆ ಇಟ್ಟು ಓದಿ.

ಟೋಕನ್ ತೆಗೆದು ಟೋಕನ್‌ಲೆಸ್ ಹಾಕಿದ್ದು ಯಾಕೆ ಅನ್ನೋದು ಲೆಕ್ಕದಲ್ಲೇ ಕಾಣುತ್ತೆ. ರೈಲ್ವೆಯವರು ಬಳಸುವ ಸ್ಕಾಟ್ ಸೂತ್ರ: ದಿನದ 1,440 ನಿಮಿಷವನ್ನು, ಅತಿ ಉದ್ದದ ಸೆಕ್ಷನ್ನನ್ನು ನಿಧಾನದ ಗಾಡಿ ದಾಟುವ ಹೊತ್ತು ಮತ್ತು ಬ್ಲಾಕ್ ಕೆಲಸದ ಹೊತ್ತು ಇವೆರಡರ ಮೊತ್ತದಿಂದ ಭಾಗಿಸಿ 0.7ರಿಂದ ಗುಣಿಸಿ. 10 ಕಿ.ಮೀ. ಸೆಕ್ಷನ್, ಗಂಟೆಗೆ 30 ಕಿ.ಮೀ. ಗೂಡ್ಸ್, 20 ನಿಮಿಷ. ಟೋಕನ್ ಕೆಲಸಕ್ಕೆ 5 ನಿಮಿಷ. 1,440ನ್ನು 25ರಿಂದ ಭಾಗಿಸಿದರೆ 57.6, ಅದರ ಹತ್ತರಲ್ಲಿ ಏಳು ಪಾಲು ಸುಮಾರು 40 ಗಾಡಿ, ಎರಡೂ ದಿಕ್ಕು ಸೇರಿ. ಬ್ಲಾಕ್ ಕೆಲಸ ಎರಡೂವರೆ ನಿಮಿಷಕ್ಕೆ ಇಳಿದರೆ 44 ದಾಟುತ್ತೆ. ನಡುವೆ ಹೊಸ ಕ್ರಾಸಿಂಗ್ ಸ್ಟೇಷನ್ ಹಾಕಿ ಸೆಕ್ಷನ್ನನ್ನೇ ಅರ್ಧ ಮಾಡಿದರೆ ಲಾಭ ಇನ್ನೂ ದೊಡ್ಡದು. ಹಾಗಾಗಿ ವೇಳಾಪಟ್ಟಿಯಲ್ಲಿ ಹೊಸ ಹೆಸರು ಕಂಡ ವರ್ಷವನ್ನು ಸಿಗ್ನಲ್ ಬದಲಾವಣೆಯ ವರ್ಷ ಅಂತಲೂ ಹುಡುಕಿ ನೋಡಿ.

ಕಡತ_ಕೋಣೆ:

ಎಲ್ಲಿ ಹೋಗಬೇಕು ಅನ್ನೋದು ಆಡಳಿತ ಯಾರದಿತ್ತು ಅನ್ನೋದರ ಮೇಲೆ. ಈ ಮಾರ್ಗ ಸಂಸ್ಥಾನದ್ದು: 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿಗೆ. ಸ್ವಲ್ಪ ವರ್ಷಕ್ಕೇ ಓಡಿಸೋ ಹೊಣೆ ಸದರ್ನ್ ಮರಾಠಾ ರೈಲ್ವೆಗೆ ಹೋಯಿತು, ಅದರ ಮುಖ್ಯ ಕಚೇರಿ ಧಾರವಾಡ (ಈಗಿನ ಕರ್ನಾಟಕ ಕಾಲೇಜು ಕಟ್ಟಡ). 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಗಿ ಕಾರುಬಾರು ಮದ್ರಾಸಿಗೆ. ಆದ್ದರಿಂದ ಸಂಸ್ಥಾನದ ಕಡೆಯ ಪತ್ರವ್ಯವಹಾರಕ್ಕೆ ವಿಕಾಸಸೌಧದ ರಾಜ್ಯ ಪತ್ರಾಗಾರ, ಕಂಪನಿ ಕಾಲಕ್ಕೆ ಚೆನ್ನೈ ಎಗ್ಮೋರಿನ ಪತ್ರಾಗಾರ. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳ ರೈಲ್ವೆ ಅಧ್ಯಾಯವನ್ನು ಮೊದಲು ಓದಿಕೊಂಡು ಹೋದರೆ ಕಡತ ಕೇಳೋಕೆ ವರ್ಷ, ವಿಷಯ ಎರಡೂ ಸಿಗುತ್ತೆ. ಬರೀ "ಸಿಗ್ನಲ್" ಅಂತ ಕೇಳಿದರೆ ಏನೂ ಬರೋದಿಲ್ಲ. "ಇಂಟರ್‌ಲಾಕಿಂಗ್ ವೆಚ್ಚ", "ಕ್ರಾಸಿಂಗ್ ಸ್ಟೇಷನ್", "ಲೆವೆಲ್ ಕ್ರಾಸಿಂಗ್" ಅಂತ ಕೇಳಿ. ದುಡ್ಡು ಯಾರು ಕೊಡಬೇಕು ಅನ್ನೋ ಜಗಳದ ಕಡತದಲ್ಲೇ ನಕ್ಷೆ ಇರೋದು.

1951ರ ನಂತರದ್ದಕ್ಕೆ ಆರ್‌ಟಿಐ. 2003ರಿಂದ ನೈಋತ್ಯ ರೈಲ್ವೆ, ಬೆಂಗಳೂರು ಮತ್ತು ಮೈಸೂರು ಎರಡೂ ವಿಭಾಗಗಳಿಗೆ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಎಲ್ಲಾ ಮಾಹಿತಿ ಕೊಡಿ" ಅಂದರೆ ಸೆಕ್ಷನ್ 7(9) ತೋರಿಸಿ, ಆ ರೂಪದಲ್ಲಿ ಕೊಡಲಾಗದು ಅಂತ ಪತ್ರ ಬರುತ್ತೆ. ಹೀಗೆ ಬರೆಯಿರಿ: "ಬಿಡದಿ ನಿಲ್ದಾಣದ ಮೀಟರ್ ಗೇಜ್ ಕಾಲದ, ಈಗ ಚಾಲ್ತಿಯಲ್ಲಿಲ್ಲದ ಸಿಗ್ನಲ್ ಇಂಟರ್‌ಲಾಕಿಂಗ್ ಪ್ಲಾನ್ ಮತ್ತು ಲಾಕಿಂಗ್ ಟೇಬಲ್ ಇರುವ ಕಡತವನ್ನು ಪರಿಶೀಲಿಸಲು ಅವಕಾಶ ಕೊಡಿ." ಒಂದು ಅರ್ಜಿಗೆ ಒಂದೇ ನಿಲ್ದಾಣ. ಪರಿಶೀಲನೆಗೆ ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. ಸಾಧಾರಣ ಪುಟದ ನಕಲಿಗೆ 2 ರೂಪಾಯಿ, ದೊಡ್ಡ ಹಾಳೆಗೆ ತಗಲುವ ವೆಚ್ಚ. 20 ವರ್ಷ ದಾಟಿದ ವಿಷಯ ಅಂತ ಸೆಕ್ಷನ್ 8(3) ನಮೂದಿಸಿ. ಭದ್ರತೆಯ ಕಾರಣಕ್ಕೆ ಅದು ರಕ್ಷಣೆ ಕೊಡೋದಿಲ್ಲ, ಅದಕ್ಕೇ "ಚಾಲ್ತಿಯಲ್ಲಿಲ್ಲದ" ಅನ್ನುವ ಮಾತು ಬಿಡಬೇಡಿ. ರೈಲ್ವೆ ಸುರಕ್ಷತಾ ಆಯುಕ್ತರ ದಕ್ಷಿಣ ವೃತ್ತದ ಕಚೇರಿ ಬೆಂಗಳೂರಲ್ಲೇ ಇದೆ. ಹಳೆಯ ಅಪಘಾತ ವಿಚಾರಣಾ ವರದಿಗಳಿಗೆ ಅಲ್ಲಿಗೂ ಬೇರೆ ಅರ್ಜಿ ಹಾಕಿ, ಸಿಗ್ನಲ್‌ಗಳ ದೂರ ಅವುಗಳಲ್ಲಿ ಅಂಕಿಯಲ್ಲಿ ಬರೆದಿರುತ್ತೆ.

ಜಾಗ ನೋಡೋಕೆ ಹೋದರೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಪ್ಲಾಟ್‌ಫಾರ್ಮ್ ಮೇಲೇ ಇರಿ. ಹಳಿಗಿಳಿದರೆ ರೈಲ್ವೆ ಕಾಯ್ದೆ ಸೆಕ್ಷನ್ 147. ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಜೋಡಿ ಹಳಿ, ವಿದ್ಯುದೀಕರಣದ ಮೇಲೆ ನೆಲದಲ್ಲಿ ಉಳಿದಿರೋದೂ ಕಮ್ಮಿ.

ಪ್ಲಾನ್ ಕೈಗೆ ಸಿಕ್ಕ ದಿನ ಸ್ಕೇಲ್ ಇಟ್ಟು ಅಳೆಯೋಕೆ ಹೋಗಬೇಡಿ. ಇಂಟರ್‌ಲಾಕಿಂಗ್ ಪ್ಲಾನ್ ಅಳತೆಗೆ ಬರೆದದ್ದಲ್ಲ, ಉದ್ದವನ್ನು ಕುಗ್ಗಿಸಿ ಬರೆದಿರುತ್ತಾರೆ. ಅಂಕಿಗಳನ್ನು ಮಾತ್ರ ನಂಬಿ. ಹಾಳೆಯ ಮೂಲೆಯ ತಿದ್ದುಪಡಿ ಪಟ್ಟಿಯ ಫೋಟೊ ಮೊದಲು ತೆಗೆಯಿರಿ, ಆಮೇಲೆ ಎಡತುದಿಯಿಂದ ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಉಳಿದದ್ದು.